ಗ್ರಾಫಿಕ್ಸ್ ಕಾರ್ಡಿಗೆ ಟಿವಿ ಜೋಡಿಸಿ, ಅಕ್ಷರ ಅಚ್ಚುಕಟ್ಟಾಗಿ ಕಾಣಲಿ

ಮನೆಯ 43 ಇಂಚಿನ ಟಿವಿಯನ್ನೇ ಕಂಪ್ಯೂಟರಿನ ಪರದೆ ಮಾಡಿಕೊಂಡವರು ಈಗ ಬಹಳ ಮಂದಿ. ಹಗಲು ಕಚೇರಿ ಕೆಲಸ, ಸಂಜೆ ಮಕ್ಕಳ ಗೇಮು, ರಾತ್ರಿ ಸಿನಿಮಾ, ಎಲ್ಲಕ್ಕೂ ಒಂದೇ ಪರದೆ. ಕೇಬಲ್ ಸಿಕ್ಕಿಸಿದರೆ ಚಿತ್ರವೇನೋ ಬರುತ್ತದೆ. ಆದರೆ ಅಂಚು ಕತ್ತರಿಸಿ ಹೋಗಿರುತ್ತದೆ, ಅಕ್ಷರ ಮಸುಕಾಗಿರುತ್ತದೆ, ಮೌಸ್ ಸರಿಸಿದರೆ ಬಾಣ ತಡೆದು ತಡೆದು ಬರುತ್ತದೆ. ಆಗ ಕಾರ್ಡಿನ ಮೇಲೆ ಅನುಮಾನ, ಇಲ್ಲವೇ ಇನ್ನೂ ದುಬಾರಿ ಕೇಬಲ್ ಖರೀದಿ. ತೊಂದರೆ ಬಹುಪಾಲು ಅಲ್ಲಿರುವುದಿಲ್ಲ. ಟಿವಿಯನ್ನು ಮಾಡಿರುವುದು ಪ್ರಸಾರದ ಕಾರ್ಯಕ್ರಮ ತೋರಿಸಲಿಕ್ಕೆ. ಬಂದ ಚಿತ್ರವನ್ನು ಹಿಗ್ಗಿಸಿ, ತಿದ್ದಿ, ಬಣ್ಣ ಏರಿಸಿಯೇ ಅದು ತೋರಿಸುತ್ತದೆ. ಬರುತ್ತಿರುವುದು ಕಂಪ್ಯೂಟರಿನ ಚಿತ್ರ, ಅದನ್ನು ಇದ್ದ ಹಾಗೇ ತೋರಿಸಬೇಕು ಎಂದು ಟಿವಿಗೆ ಗೊತ್ತಾಗುವಂತೆ ಮಾಡಿದರೆ ಮುಕ್ಕಾಲು ಕೆಲಸ ಮುಗಿಯಿತು.

1. ಮೊದಲು ಅರ್ಥಿಂಗ್ ನೋಡಿ

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಡೆಸ್ಕ್‌ಟಾಪಿನ ಪವರ್ ಸಪ್ಲೈ ಒಳಗೆ ಕರೆಂಟಿನ ಗದ್ದಲ ಸೋಸುವ ಕೆಪಾಸಿಟರ್‌ಗಳಿರುತ್ತವೆ. ಮೂರನೇ ಪಿನ್ನಿಗೆ ಅರ್ಥ್ ಸಿಗದಿದ್ದರೆ 230 ವೋಲ್ಟಿನ ಸುಮಾರು ಅರ್ಧದಷ್ಟು ಒತ್ತಡ ಕ್ಯಾಬಿನೆಟ್ಟಿನ ಲೋಹದ ಮೇಲೆ ಕೂತಿರುತ್ತದೆ. ಕರೆಂಟ್ ತೀರ ಅಲ್ಪ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಂ ಎನ್ನುತ್ತದೆ, ಅಷ್ಟೆ. ಆದರೆ ಎಚ್‌ಡಿಎಂಐ ಪಿನ್ನಿನ ಲೋಹದ ಕವಚ ಟಿವಿಗೆ ತಾಗುವ ಕ್ಷಣದಲ್ಲಿ ಇದೇ ಒತ್ತಡ ಆ ಕಡೆ ಹರಿಯುತ್ತದೆ. ಟಿವಿಯ ಬೆನ್ನಿಗೆ ಡಿಶ್ ಅಥವಾ ಕೇಬಲ್‌ನವರ ತಂತಿಯೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಪೋರ್ಟು ಸುಟ್ಟರೆ ಟಿವಿಯ ಬೋರ್ಡೇ ಬದಲಾಗಬೇಕು.

ಆದ್ದರಿಂದ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಿ ಕೆಲಸ ಸಾಗಿಸಬೇಡಿ. ಟಿವಿ, ಕಂಪ್ಯೂಟರ್ ಎರಡಕ್ಕೂ ಅರ್ಥಿಂಗ್ ಇರುವ ಒಂದೇ ಸ್ವಿಚ್ ಬೋರ್ಡಿನಿಂದ ಕರೆಂಟ್ ಕೊಡಿ. ಕೇಬಲ್ ಸಿಕ್ಕಿಸುವಾಗ ಎರಡರ ಸ್ವಿಚ್ಚೂ ಆಫ್ ಇರಲಿ. ಗುಡುಗು ಸಿಡಿಲಿನ ಲಕ್ಷಣ ಕಂಡೊಡನೆ ಡಿಶ್ ತಂತಿ ಮತ್ತು ಪವರ್ ಪ್ಲಗ್ ಎರಡನ್ನೂ ಕಿತ್ತಿಡಿ.

2. ಕಾರ್ಡಿನ ಪೋರ್ಟಿಗೇ ಸಿಕ್ಕಿಸಿ

ಕಂಪ್ಯೂಟರಿನ ಹಿಂಬದಿಯಲ್ಲಿ ಎರಡು ಕಡೆ ಎಚ್‌ಡಿಎಂಐ ಇರಬಹುದು. ಯುಎಸ್‌ಬಿ, ನೆಟ್‌ವರ್ಕ್ ಪೋರ್ಟುಗಳ ಪಕ್ಕದ್ದು ಮದರ್‌ಬೋರ್ಡಿನದು. ಅದರ ಕೆಳಗೆ ಬೇರೆ ಪಟ್ಟಿಯಲ್ಲಿ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಮೇಲಿನದಕ್ಕೆ ಹಾಕಿದರೆ ಕೊಂಡ ಕಾರ್ಡ್ ಸುಮ್ಮನೆ ಕೂರುತ್ತದೆ. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಪ್ರೊಸೆಸರ್ ಆದರೆ ಚಿತ್ರವೇ ಬರುವುದಿಲ್ಲ.

3. ಹಳೆ ಕಾರ್ಡಾದರೆ ಕಡಿಮೆ ಖರ್ಚಿನ ದಾರಿ ಉಂಟು

ಡಿವಿಐ ಬಂದದ್ದು 1999ರಲ್ಲಿ. 2002ರ ಕೊನೆಗೆ ಬಂದ ಎಚ್‌ಡಿಎಂಐ ಅದೇ ಸಂಕೇತದ ಮೇಲೆ ಕಟ್ಟಿದ್ದು. ಹಾಗಾಗಿ ಇವೆರಡರ ನಡುವೆ ಒಂದು ಸಣ್ಣ ಕನೆಕ್ಟರ್ ಸಾಕು, ಚಿತ್ರ ಕೆಡುವುದಿಲ್ಲ. ಧ್ವನಿ ಮಾತ್ರ ಬರದಿರಬಹುದು, ಅದಕ್ಕೆ ಬೇರೆ ಆಡಿಯೊ ತಂತಿ ಬೇಕು. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ, ಕೊಳ್ಳುವಾಗ ಕೇಳಿ ಕೊಳ್ಳಿ. ವಿಜಿಎ ಒಂದೇ ಇದ್ದರೆ ಕರೆಂಟ್ ಬೇಡುವ ಪರಿವರ್ತಕ ಬೇಕು, ಅಕ್ಷರವೂ ಅಷ್ಟು ಸ್ಪಷ್ಟ ಇರುವುದಿಲ್ಲ.

4. ಕೇಬಲ್ಲಿನ ಬೆಲೆಯಲ್ಲ, ಅದರ ಮೇಲಿನ ಹೆಸರು ನೋಡಿ

4ಕೆ ಚಿತ್ರ ಸೆಕೆಂಡಿಗೆ 60 ಸಲ ಬರಬೇಕಾದರೆ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ಸಾಕು, ಅದು 18 ಗಿಗಾಬಿಟ್ ಹೊರುತ್ತದೆ. 4ಕೆ 120 ಹರ್ಟ್ಜ್ ಬೇಕಿದ್ದರೆ ‘ಅಲ್ಟ್ರಾ ಹೈ ಸ್ಪೀಡ್’, ಅಂದರೆ 48 ಗಿಗಾಬಿಟ್. ಆಗ ಕಾರ್ಡೂ ಎಚ್‌ಡಿಎಂಐ 2.1 ಇರುವಂಥದ್ದಾಗಬೇಕು, ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 30 ಸರಣಿ, ಎಎಂಡಿಯಲ್ಲಿ ಆರ್‌ಎಕ್ಸ್ 6000 ಸರಣಿ, ಎರಡೂ 2020ರವು, ಇಲ್ಲವೇ ಅವುಗಳ ನಂತರದವು. ಚಿನ್ನದ ಲೇಪ, ಹೆಣೆದ ಹೊದಿಕೆಗಳಿಂದ ಚಿತ್ರ ಸುಧಾರಿಸುವುದಿಲ್ಲ. ಉದ್ದ ಮೂರು ಮೀಟರ್ ಒಳಗಿರಲಿ. ನಡುನಡುವೆ ಪರದೆ ಒಂದು ಕ್ಷಣ ಕಪ್ಪಾಗುವುದು, ಬಿಳಿ ಚುಕ್ಕಿ ಮಿನುಗುವುದು ಕಂಡರೆ ಕೇಬಲ್ ಸೋಲುತ್ತಿದೆ ಎಂದರ್ಥ.

5. ಟಿವಿಯ ಆ ಪೋರ್ಟಿಗೆ ‘ಪಿಸಿ’ ಎಂದು ಹೆಸರಿಡಿ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ. ಸ್ಯಾಮ್ಸಂಗ್, ಎಲ್‌ಜಿ ಟಿವಿಗಳಲ್ಲಿ ಇನ್‌ಪುಟ್ ಪಟ್ಟಿಗೆ ಹೋಗಿ ಆ ಎಚ್‌ಡಿಎಂಐಯ ಹೆಸರು ಅಥವಾ ಗುರುತನ್ನು ಪಿಸಿ ಎಂದು ಬದಲಿಸಬಹುದು. ಸೋನಿಯಲ್ಲಿ ಚಿತ್ರದ ಮೋಡ್ ‘ಗ್ರಾಫಿಕ್ಸ್’ ಆರಿಸಬೇಕು. ಇದು ಬರೀ ನಾಮಫಲಕ ಅಂದುಕೊಳ್ಳಬೇಡಿ, ಒಳಗಿನ ಚಿತ್ರ ಸಂಸ್ಕರಣೆಯೇ ಬದಲಾಗುತ್ತದೆ.

ಸಿನಿಮಾ, ಪ್ರಸಾರಗಳಲ್ಲಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ಕಳಿಸುತ್ತಾರೆ, ನಾಲ್ಕು ಚುಕ್ಕಿಗೆ ಒಂದೇ ಬಣ್ಣ. ಮುಖ, ಮರ, ಬೆಟ್ಟ ನೋಡುವಾಗ ಕಣ್ಣಿಗೆ ಗೊತ್ತಾಗುವುದಿಲ್ಲ. ಅಕ್ಷರಕ್ಕೆ ಬಂದಾಗ ಗೊತ್ತಾಗುತ್ತದೆ. ಪೇಂಟ್ ತೆರೆದು ಕಪ್ಪು ಹಿನ್ನೆಲೆಯ ಮೇಲೆ ಕೆಂಪು ಬಣ್ಣದಲ್ಲಿ ಸಣ್ಣಗೆ ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆಯಿರಿ. ಒತ್ತಕ್ಷರದ ಕೊಂಬು, ಬಾಲಗಳು ಒಂದಕ್ಕೊಂದು ಅಂಟಿಕೊಂಡು ಕೆಂಪು ಮಸಿಯಾಗಿ ಕಂಡರೆ ಬಣ್ಣ ಕಡಿತವಾಗುತ್ತಿದೆ. ಪಿಸಿ ಎಂದು ಹೆಸರಿಟ್ಟು, ಕಾರ್ಡಿನ ಸೆಟ್ಟಿಂಗ್‌ನಲ್ಲಿ ಬಣ್ಣದ ಮಾದರಿ ‘ಆರ್‌ಜಿಬಿ’ ಅಥವಾ ‘4:4:4’ ಆರಿಸಿ ಮತ್ತೆ ನೋಡಿ. ಅದೇ ಅಕ್ಷರ ಬಿಡಿಬಿಡಿಯಾಗಿ ಎದ್ದು ನಿಲ್ಲುತ್ತದೆ. ಕನ್ನಡ ಓದುವವರಿಗೆ ಇಂಗ್ಲಿಷಿನವರಿಗಿಂತ ಈ ಸೂತ್ರ ಹೆಚ್ಚು ಬೇಕು; ನಮ್ಮ ಲಿಪಿಯ ಅರ್ಧ ಕೆಲಸ ಅಕ್ಷರದ ಬುಡದಲ್ಲಿ ನಡೆಯುತ್ತದೆ.

ಟಿವಿ 4ಕೆ ಆಗಿದ್ದೂ 30 ಹರ್ಟ್ಜ್ ಮಾತ್ರ ತೋರಿಸುತ್ತಿದ್ದರೆ ಆ ಪೋರ್ಟಿನ ಪೂರ್ಣ ಸಾಮರ್ಥ್ಯ ತೆರೆದಿಲ್ಲ. ಸ್ಯಾಮ್ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಎಲ್‌ಜಿಯಲ್ಲಿ ‘ಡೀಪ್ ಕಲರ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’ ಎಂಬ ಹೆಸರಲ್ಲಿ ಅದು ಸಿಗುತ್ತದೆ. ಎಚ್‌ಡಿಎಂಐ 1.4 ಇರುವ ಹಳೆ ಕಾರ್ಡಿನಿಂದ ಮಾತ್ರ 30ರ ಮೇಲೆ ಬರುವುದಿಲ್ಲ. ಅಂಥಲ್ಲಿ 1080ಪಿ 60 ಹರ್ಟ್ಜ್ ಇಟ್ಟುಕೊಳ್ಳುವುದು ಮೇಲು, ಮೌಸ್ ತಡವರಿಸುವುದಿಲ್ಲ.

6. ಅಂಚು ಕತ್ತರಿಸಿದ್ದರೆ ಟಿವಿಯಲ್ಲೇ ಸರಿಪಡಿಸಿ

ಟಾಸ್ಕ್‌ಬಾರ್ ಅರ್ಧ ಮುಳುಗಿದೆ, ಮೂಲೆಯ ರೀಸೈಕಲ್ ಬಿನ್ ಕಾಣುತ್ತಿಲ್ಲ ಎಂದರೆ ಅದು ಓವರ್‌ಸ್ಕ್ಯಾನ್. ಹಳೆ ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಚಿತ್ರದ ಅಂಚು ನೇರವಾಗಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ಹಿಗ್ಗಿಸಿ ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿದ್ದರು. ಟ್ಯೂಬು ಹೋಗಿ ಎಲ್‌ಇಡಿ ಬಂದರೂ ಆ ಅಭ್ಯಾಸ ಅನೇಕ ಟಿವಿಗಳಲ್ಲಿ ಉಳಿದಿದೆ.

ಎನ್‌ವಿಡಿಯಾ, ಎಎಂಡಿ ಎರಡರ ಸಾಫ್ಟ್‌ವೇರಿನಲ್ಲೂ ಚಿತ್ರ ಕುಗ್ಗಿಸುವ ಸೌಲಭ್ಯ ಇದೆ. ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಕಾರ್ಡ್ ಒಮ್ಮೆ ಕುಗ್ಗಿಸಿ, ಟಿವಿ ಮತ್ತೆ ಹಿಗ್ಗಿಸಿದರೆ ಅಂಚು ಸರಿಹೋಗುತ್ತದೆ, ನಡುವಿನ ಅಕ್ಷರವೆಲ್ಲ ಮಸುಕಾಗುತ್ತದೆ. ಕಾರ್ಡಿನ ಒಂದು ಚುಕ್ಕಿ ಪರದೆಯ ಒಂದೇ ಚುಕ್ಕಿಯ ಮೇಲೆ ಕೂರಬೇಕು. ರಿಮೋಟ್ ಹಿಡಿದು ಚಿತ್ರದ ಅಳತೆಯ ಸೆಟ್ಟಿಂಗ್‌ಗೆ ಹೋಗಿ: ಎಲ್‌ಜಿಯಲ್ಲಿ ‘ಜಸ್ಟ್ ಸ್ಕ್ಯಾನ್’, ಸ್ಯಾಮ್ಸಂಗ್‌ನಲ್ಲಿ ‘ಫಿಟ್ ಟು ಸ್ಕ್ರೀನ್’, ಸೋನಿಯಲ್ಲಿ ‘ಫುಲ್ ಪಿಕ್ಸೆಲ್’.

7. ಪರದೆಯ ನಿಜವಾದ ಅಳತೆ ತಿಳಿದುಕೊಳ್ಳಿ

‘ಎಚ್‌ಡಿ ರೆಡಿ’ ಎಂದು ಮಾರುವ 32 ಇಂಚಿನ ಟಿವಿಗಳಲ್ಲಿ ಹೆಚ್ಚಿನವು 1366×768 ಚುಕ್ಕಿಯವು. 1080ಪಿ ಕಳಿಸಿದರೆ ಸ್ವೀಕರಿಸುತ್ತವೆ, ಆದರೆ ಒಳಗೆ ಕುಗ್ಗಿಸಿ ತೋರಿಸುತ್ತವೆ. ಸಿನಿಮಾಕ್ಕೆ ಅಡ್ಡಿಯಿಲ್ಲ, ದಿನವಿಡೀ ಓದು ಬರಹಕ್ಕೆ ಇಂಥದ್ದನ್ನು ಕೊಳ್ಳಬೇಡಿ. 43 ಇಂಚಿನ 4ಕೆ ಪರದೆಯಲ್ಲಿ ಇಂಚಿಗೆ ಸುಮಾರು 102 ಚುಕ್ಕಿ ಬರುತ್ತದೆ, ಒಳ್ಳೆಯ ಮಾನಿಟರಿನಷ್ಟೇ. ವಿಂಡೋಸ್‌ನಲ್ಲಿ ಸ್ಕೇಲಿಂಗ್ ಹತ್ತಿರ ಕೂರುವವರಿಗೆ 125ರಿಂದ 150 ಪ್ರತಿಶತ, ಸೋಫಾದಿಂದ ನೋಡುವವರಿಗೆ 200ಕ್ಕೂ ಮೇಲೆ ಇರಲಿ.

8. ಮೆರುಗು ಕಡಿಮೆ ಮಾಡಿ

ಶಾರ್ಪ್‌ನೆಸ್ ಏರಿಸಿದರೆ ಅಕ್ಷರದ ಸುತ್ತ ಬಿಳಿ ಗೆರೆ ಹುಟ್ಟುತ್ತದೆ. ಸ್ಯಾಮ್ಸಂಗ್, ಎಲ್‌ಜಿಗಳಲ್ಲಿ ಸೊನ್ನೆಗೆ ಇಳಿಸಿ. ಸೋನಿಯಲ್ಲಿ ತಟಸ್ಥ ಅಳತೆ 50. ಗೇಮ್ ಆಡುವಾಗ ಗೇಮ್ ಮೋಡ್ ಹಾಕಿ, ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಆದದ್ದಕ್ಕೂ ನಡುವಿನ ತಡ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ.

9. ಕಪ್ಪು ಕಪ್ಪಾಗಿರಲಿ

ಟಿವಿ ಲೋಕದಲ್ಲಿ ಕಪ್ಪು ಎಂದರೆ 16, ಬಿಳುಪು 235. ಕಂಪ್ಯೂಟರಿಗೆ 0 ಮತ್ತು 255. ಎರಡೂ ಕಡೆ ಒಂದೇ ಲೆಕ್ಕ ಇರಬೇಕು, ಪೂರ್ಣ ಅಥವಾ ಸೀಮಿತ. ಕಪ್ಪು ಬೂದಿಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ರಾತ್ರಿಯ ದೃಶ್ಯದಲ್ಲಿ ಕಪ್ಪು ಕೂದಲು, ಕಪ್ಪು ಕೋಟು ಒಂದೇ ಗುಡ್ಡೆಯಾಗಿ ಕಂಡರೆ ಲೆಕ್ಕ ತಪ್ಪಿದೆ. ಕಾರ್ಡಿನಲ್ಲಿ ‘ಔಟ್‌ಪುಟ್ ಡೈನಾಮಿಕ್ ರೇಂಜ್’, ಟಿವಿಯಲ್ಲಿ ‘ಬ್ಲ್ಯಾಕ್ ಲೆವೆಲ್’ ಹೊಂದಿಸಿ.

10. ಧ್ವನಿ ಬಾರದಿದ್ದರೆ

ಟಾಸ್ಕ್‌ಬಾರಿನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರನ್ನು ಆರಿಸಿ. ಅಷ್ಟೇ.

11. ಸಿನಿಮಾಕ್ಕೆ 24 ಹರ್ಟ್ಜ್

ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಚೌಕಟ್ಟಿನಲ್ಲಿ. 60 ಹರ್ಟ್ಜ್‌ನಲ್ಲಿ ತೋರಿಸಿದರೆ ಒಂದು ಚೌಕಟ್ಟು ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ ದೃಶ್ಯ ಮುಗ್ಗರಿಸುವುದು ಇದರಿಂದಲೇ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 24 ಸಿಕ್ಕರೆ ಸಿನಿಮಾ ಮುಗಿಯುವ ತನಕ ಇಟ್ಟು, ಆಮೇಲೆ 60ಕ್ಕೆ ಮರಳಿಸಿ.

12. ಪೋರ್ಟಿನ ನಂಬರ್ ಬರೆದಿಡಿ

ಮೇಲೆ ಹೇಳಿದ ಟಿವಿ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಆಯಾ ಎಚ್‌ಡಿಎಂಐ ಪೋರ್ಟಿಗೆ ಮಾತ್ರ ಅನ್ವಯ. ಧೂಳು ಒರೆಸುವಾಗ ಕೇಬಲ್ ಕಿತ್ತು ಒಂದರಿಂದ ಎರಡಕ್ಕೆ ಹಾಕಿದರೆ ಅಂಚು ಮತ್ತೆ ಕತ್ತರಿಸುತ್ತದೆ, ಅಕ್ಷರ ಮತ್ತೆ ಮಸುಕಾಗುತ್ತದೆ. ಕೇಬಲ್ಲಿನ ತುದಿಗೆ ಒಂದು ಟೇಪ್ ಅಂಟಿಸಿ ಪೋರ್ಟಿನ ನಂಬರ್ ಬರೆಯಿರಿ, ಹೊಂದಿಸಿದ ಸೆಟ್ಟಿಂಗ್‌ಗಳ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ.