ಲಿಫ್ಟ್ ಏಳದಿದ್ದರೆ ಮೊದಲು ಎಣ್ಣೆ ನೋಡಿ

ಹಳೆಯ ಟ್ರ್ಯಾಕ್ಟರಿನ ಲಿಫ್ಟ್ ಕೈಕೊಟ್ಟರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಪಂಪ್ ಹೋಗೈತಿ, ಬಿಚ್ಚಿಸು." ನಮ್ಮ ಮನೆಯ ಮ್ಯಾಸ್ಸಿ 1035 ಅಪ್ಪ ಕೊಂಡ ಗಾಡಿ. ಭದ್ರಾ ನಾಲೆಯ ನೀರು ಬಂದಾಗ ಭತ್ತದ ಗದ್ದೆಯ ಕೆಸರು, ಖುಷ್ಕಿಯಲ್ಲಿ ಮೆಕ್ಕೆಜೋಳಕ್ಕೆ ಕಲ್ಟಿವೇಟರ್, ಸುಗ್ಗಿ ಮುಗಿದರೆ ಟ್ರೇಲರ್ ಎಂದು ವರ್ಷವಿಡೀ ದುಡಿದಿದೆ. ಲಿಫ್ಟಿನ ತೊಂದರೆಯನ್ನು ಇದರಲ್ಲೂ ನೋಡಿದ್ದೇನೆ, ಅಕ್ಕಪಕ್ಕದವರ ಗಾಡಿಗಳಲ್ಲೂ ನೋಡಿದ್ದೇನೆ. ಪಂಪ್ ನಿಜವಾಗಿ ಸವೆದಿದ್ದ ಗಾಡಿಗಳು ಅವುಗಳಲ್ಲಿ ಕಡಿಮೆ. ಉಳಿದವುಗಳಲ್ಲಿ ದೋಷ ಇದ್ದದ್ದೇ ಎಣ್ಣೆಯಲ್ಲಿ, ಇಲ್ಲವೇ ದೋಷ ಎಲ್ಲಿದೆ ಎಂಬುದನ್ನು ಎಣ್ಣೆ ಬಹಳ ಮೊದಲೇ ಹೇಳುತ್ತಿತ್ತು.

ಕಾರಣ ಈ ಗಾಡಿಯ ರಚನೆಯಲ್ಲೇ ಇದೆ. ಗೇರ್ ಬಾಕ್ಸ್, ಡಿಫರೆನ್ಶಿಯಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ. ಪಂಪ್ ಆ ಎಣ್ಣೆಯಲ್ಲೇ ಮುಳುಗಿದ್ದು ಪಿ.ಟಿ.ಒ. ಶಾಫ್ಟಿನಿಂದ ತಿರುಗುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಏರ್ಪಾಡು ಇದು. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಿಂದ ಹೊರಬಂದ ಟಿಇ-20ರಲ್ಲಿ ಇದ್ದದ್ದೇ ಮ್ಯಾಸ್ಸಿ 35ಕ್ಕೆ ಬಂತು, ಅಲ್ಲಿಂದ ನಮ್ಮ 1035ಕ್ಕೂ ಇಳಿಯಿತು. ಇದರಲ್ಲಿ ಲಿಫ್ಟನ್ನು ಆಳುವ ವಾಲ್ವ್ ಇರುವುದು ಪಂಪ್ ಎಣ್ಣೆ ಎಳೆದುಕೊಳ್ಳುವ ಬದಿಯಲ್ಲಿ. ತೋಳುಗಳು ಬೇಕಾದ ಎತ್ತರಕ್ಕೆ ಬಂದೊಡನೆ ಎಣ್ಣೆಯ ದಾರಿ ಮುಚ್ಚಿಕೊಳ್ಳುತ್ತದೆ, ಪಂಪ್ ಬರಿದೇ ತಿರುಗುತ್ತಿರುತ್ತದೆ. ಬಹಳ ಜಾಣ ಏರ್ಪಾಡು, ಅದರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಆದರೆ ಎಣ್ಣೆ ಒಂದೇ ಆದ್ದರಿಂದ ಗೇರಿನ ಪುಡಿ ಪಂಪಿಗೆ ಹೋಗುತ್ತದೆ, ಆಕ್ಸಲ್ ಸೀಲಿನಲ್ಲಿ ನುಗ್ಗಿದ ನೀರು ಲಿಫ್ಟಿಗೆ ಬರುತ್ತದೆ. ರೋಗ ಒಂದು ಕಡೆ ಇದ್ದರೆ ನೋವು ಇನ್ನೊಂದು ಕಡೆ ಕಾಣಿಸುತ್ತದೆ.

ಲಿಫ್ಟ್ ಏಳುತ್ತಲೇ ಇಲ್ಲ ಎಂದು ಯಾರಾದರೂ ಕರೆದರೆ ನಾನು ಮೊದಲು ನೋಡುವುದು ಪಿ.ಟಿ.ಒ. ಲಿವರ್. ಇಂಥ ಹಳೆಯ ಮಾದರಿಗಳಲ್ಲಿ ಅದು ನ್ಯೂಟ್ರಲ್‌ನಲ್ಲಿದ್ದರೆ ಪಂಪ್ ತಿರುಗುವುದೇ ಇಲ್ಲ. ಬೇರೆ ಕಂಪನಿಯ ಹೊಸ ಗಾಡಿ ಓಡಿಸಿ ಬಂದ ಹುಡುಗರಿಗೆ ಇದು ಗೊತ್ತಿರುವುದಿಲ್ಲ.

ಆಮೇಲೆ ಮಟ್ಟ. ಗಾಡಿ ಸಮನೆಲದಲ್ಲಿ ನಿಂತಿರಬೇಕು, ಉಪಕರಣ ನೆಲಕ್ಕೆ ಇಳಿದಿರಬೇಕು, ಟ್ರೇಲರಿನ ಜಾಕ್ ಪೂರ್ತಿ ಮಡಚಿರಬೇಕು. ಹಾಗಿದ್ದಾಗ ಮಾತ್ರ ಡಿಪ್ ಸ್ಟಿಕ್ ನಿಜ ಹೇಳುತ್ತದೆ. ನಮ್ಮೂರಿನ ಒಬ್ಬರ ಗಾಡಿ ಹೊಲದಲ್ಲಿ ಯಾವ ತಕರಾರೂ ಇಲ್ಲದೆ ದುಡಿಯುತ್ತಿತ್ತು. ಮರಳಿನ ಟ್ರೇಲರ್ ಕಟ್ಟಿ ಮೇಲೆತ್ತಿದರೆ ಮುಕ್ಕಾಲು ಎತ್ತರಕ್ಕೆ ಬಂದು ಕೊಂಯ್ ಎಂದು ಕಿರುಚಿ ನಿಲ್ಲುತ್ತಿತ್ತು. ಪಂಪಿಗೆ ಹಣ ಹೊಂದಿಸಲು ಅವರು ಆಗಲೇ ಓಡಾಡುತ್ತಿದ್ದರು. "ಅಣ್ಣ, ಜಾಕ್ ಎತ್ತಿದಾಗ ಅಷ್ಟು ಎಣ್ಣೆ ಎಲ್ಲಿಂದ ಹೋಗ್ತದೆ ಹೇಳು" ಎಂದೆ. ಗಾಡಿಯ ಎಣ್ಣೆಯೇ ಜಾಕಿಗೆ ಹೋಗಬೇಕು. ಮೊದಲೇ ಕಡಿಮೆಯಿದ್ದ ಎಣ್ಣೆ ಪಂಪಿನ ಬಾಯಿಗಿಂತ ಕೆಳಗಿಳಿದು ಪಂಪ್ ಗಾಳಿ ಎಳೆಯುತ್ತಿತ್ತು. ಮಟ್ಟಕ್ಕೆ ತುಂಬಿಸಿದ ಮೇಲೆ ಕಿರುಚಾಟ ನಿಂತಿತು, ಟ್ರೇಲರ್ ಪೂರ್ತಿ ಎದ್ದಿತು.

ಟ್ರೇಲರಿನ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಇದನ್ನು ಗಮನಿಸುವವರು ಕಡಿಮೆ. ಬಾಡಿಗೆ ಟ್ರೇಲರ್ ಇವತ್ತು ನಮ್ಮ ಗಾಡಿಗೆ, ನಾಳೆ ಇನ್ನೊಬ್ಬರ ಗಾಡಿಗೆ. ಅದರ ಜಾಕಿನಲ್ಲಿ ಉಳಿದ ಎಣ್ಣೆ, ಅದರಲ್ಲಿನ ನೀರು, ಪೈಪಿನ ತುದಿಗೆ ಅಂಟಿದ ಮಣ್ಣು ಎಲ್ಲವೂ ನಮ್ಮ ಗೇರ್ ಬಾಕ್ಸಿಗೆ ಬರುತ್ತವೆ. ಪೈಪ್ ಜೋಡಿಸುವ ಮೊದಲು ಎರಡೂ ಬಾಯಿಗಳನ್ನು ಒಣಬಟ್ಟೆಯಿಂದ ಒರೆಸುವುದಕ್ಕೆ ಅರೆ ನಿಮಿಷ ಸಾಕು.

ಎಣ್ಣೆಯ ಬಣ್ಣ ಹಾಲು ಹಾಕಿದ ಚಹಾದಂತೆ ಕಂಡರೆ ಎರಡು ಅರ್ಥ: ನೀರು ಸೇರಿದೆ, ಇಲ್ಲವೇ ಗಾಳಿ ಸೇರಿದೆ. ಇವೆರಡನ್ನು ಬೇರ್ಪಡಿಸದೆ ಮುಂದೆ ಹೋಗಬಾರದು. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಎಣ್ಣೆ ಹಿಡಿದು ಪಕ್ಕಕ್ಕಿಡುತ್ತೇನೆ. ಗಾಳಿಯಾದರೆ ಗುಳ್ಳೆಗಳು ಮೇಲೇರಿ ಒಡೆದು, ಬುಡದಿಂದಲೇ ಎಣ್ಣೆ ತಿಳಿಯಾಗುತ್ತ ಬರುತ್ತದೆ. ನೀರಾದರೆ ಮಾರನೆಯ ದಿನವೂ ಮಬ್ಬು ಹೋಗುವುದಿಲ್ಲ, ಹೆಚ್ಚಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಇನ್ನೂ ಅನುಮಾನವಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ ಎರಡು ಹನಿ ಬಿಡಿ. ನೀರಿದ್ದರೆ ಚಟಪಟ ಎನ್ನುತ್ತದೆ, ಮುಖ ದೂರವಿರಲಿ. ರಾತ್ರಿಯೆಲ್ಲ ನಿಂತ ಗಾಡಿಯ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮೆಲ್ಲಗೆ ಸಡಿಲಿಸಿದರೆ ಎಣ್ಣೆಗಿಂತ ಮೊದಲು ನೀರೇ ಇಳಿಯುವುದನ್ನೂ ಕಂಡಿದ್ದೇನೆ.

ಆ ನೀರು ಬಂದ ದಾರಿಗಳು ಹಲವು. ಗೇರ್ ಲಿವರಿನ ಬುಡದ ರಬ್ಬರ್ ಬೂಟು ಹರಿದಿದ್ದರೆ ಮಳೆನೀರು ಲಿವರ್ ಹಿಡಿದುಕೊಂಡು ನೇರ ಒಳಗಿಳಿಯುತ್ತದೆ. ಕೆಸರುಗದ್ದೆಯಲ್ಲಿ ಕಬ್ಬಿಣದ ಚಕ್ರ ಹಾಕಿ ತಿರುಗುವಾಗ ಆಕ್ಸಲ್ ಮುಳುಗುತ್ತದೆ, ಸವೆದ ಸೀಲ್ ಕೆಸರುನೀರನ್ನು ತಡೆಯುವುದಿಲ್ಲ. ವಾಟರ್ ಸರ್ವಿಸ್ ಮಾಡುವವರು ಒತ್ತಡದ ನೀರನ್ನು ಬ್ರೀದರಿಗೆ ನೇರ ಹಿಡಿಯುತ್ತಾರೆ. ಇನ್ನು, ದುಡಿದು ಬಿಸಿಯಾದ ಗಾಡಿ ರಾತ್ರಿ ತಣ್ಣಗಾಗುವಾಗ ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವ ಆರುವುದೇ ಇಲ್ಲ. ದಾರಿ ಮುಚ್ಚದೆ ಎಣ್ಣೆ ಬದಲಿಸಿದರೆ ಹಣ ವ್ಯರ್ಥ. ಈ ಗಾಡಿಗೆ ಇಪ್ಪತ್ತು ಲೀಟರಿನ ಒಂದು ಡಬ್ಬಿ ಸಾಲುವುದಿಲ್ಲ, ಆದ್ದರಿಂದ ವ್ಯರ್ಥವಾಗುವುದು ಸಣ್ಣ ಹಣವಲ್ಲ. ಬದಲಿಸುವಾಗ ಗಾಡಿ ಬಿಸಿಯಿರಲಿ, ಡ್ರೈನ್ ಬೋಲ್ಟುಗಳೆಲ್ಲ ಬಿಚ್ಚಲಿ. ಮೂಲೆಗಳಲ್ಲಿ ಉಳಿದ ನೀರು ಹೊಸ ಎಣ್ಣೆಯನ್ನೂ ಮಬ್ಬಾಗಿಸುತ್ತದೆ, ಹಾಗಾಗಿ ಕೆಲವು ದಿನ ದುಡಿಸಿ ಮತ್ತೊಮ್ಮೆ ಬದಲಿಸುವುದು ಒಳ್ಳೆಯದು. ಡೀಸೆಲ್ ಸುರಿದು ಗಾಡಿ ಓಡಿಸಿ ತೊಳೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಗೇರು ಬೇರಿಂಗುಗಳಿಗೆ ಬೇಕಾದ ಪದರ ಡೀಸೆಲಿನಿಂದ ಸಿಗುವುದಿಲ್ಲ.

ಎಣ್ಣೆಯೂ ಚೆನ್ನಾಗಿದೆ, ಮಟ್ಟವೂ ಸರಿಯಿದೆ, ಆದರೂ ಲಿಫ್ಟ್ ಸೋಲುತ್ತಿದೆ ಎಂದಾದರೆ ಯಾವ ಹೊತ್ತಿನಲ್ಲಿ ಸೋಲುತ್ತದೆ ಎಂದು ಕೇಳಬೇಕು. ಬೆಳಿಗ್ಗೆ ಸಲೀಸಾಗಿ ಎದ್ದು ಮಧ್ಯಾಹ್ನ ಬಿಸಿಲಲ್ಲಿ ಏಳದಿದ್ದರೆ ಒಳಗೆ ಸೋರಿಕೆಯಿದೆ. ಬಿಸಿಯಾಗಿ ತೆಳುವಾದ ಎಣ್ಣೆ ಸವೆದ ಸಂದುಗಳಲ್ಲಿ ಜಾರಿಹೋಗುತ್ತದೆ. ಬೆಳಿಗ್ಗೆ ತಡವರಿಸಿ ಬಿಸಿಯಾದ ಮೇಲೆ ಸರಿಹೋದರೆ ಎಣ್ಣೆ ವಿಪರೀತ ಮಂದ, ಇಲ್ಲವೇ ಪಂಪಿನ ಬಾಯಿಯ ಜಾಲರಿ ಕಟ್ಟಿದೆ.

ಎತ್ತಿ ನಿಲ್ಲಿಸಿದ ನೇಗಿಲು ಸುಮ್ಮನಿರದೆ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅದೂ ಸೋರಿಕೆಯ ಗುರುತೇ. ತೋಳು ಒಂದಿಷ್ಟು ಇಳಿಯುತ್ತದೆ, ವಾಲ್ವ್ ತೆರೆದು ಪಂಪ್ ಮತ್ತೆ ಎತ್ತುತ್ತದೆ, ಮತ್ತೆ ಇಳಿಯುತ್ತದೆ. ಎಂಜಿನ್ ನಿಲ್ಲಿಸಿದೊಡನೆ ನೇಗಿಲು ಸರಸರ ಇಳಿದರೆ ಸಂದೇಹ ಉಳಿಯುವುದಿಲ್ಲ. ನನಗೆ ಈ ಕೆಲಸ ಕಲಿಸಿದ ಮೇಸ್ತ್ರಿ ಇಲ್ಲಿ ಆತುರಪಡುತ್ತಿರಲಿಲ್ಲ. "ತಡಿಯಪ್ಪ, ಎಲ್ಲಿ ಸೋರ್ತದೆ ಅಂತ ಅದೇ ತೋರಿಸ್ತದೆ" ಎನ್ನುತ್ತಿದ್ದರು. ಸ್ವಲ್ಪ ಎಣ್ಣೆ ಇಳಿಸಿ, ಬಲಬದಿಯ ಮುಚ್ಚಳ ತೆಗೆದು, ತೂಕ ಎತ್ತಿಟ್ಟು ಎಂಜಿನ್ ನಿಲ್ಲಿಸಿ, ಟಾರ್ಚ್ ಬಿಟ್ಟು ನೋಡುತ್ತಿದ್ದರು. ಸಿಲಿಂಡರಿನ ಪಿಸ್ಟನ್ ಕಡೆಯಿಂದ ಧಾರೆ ಬಿದ್ದರೆ ಅದರ ಸೀಲು, ನಿಂತ ಪೈಪಿನ ಬುಡದಲ್ಲಿ ಒಸರಿದರೆ ಅಲ್ಲಿನ ಓ-ರಿಂಗು. ಕೆಲವೇ ರೂಪಾಯಿಯ ಓ-ರಿಂಗಿಗಾಗಿ ಪಂಪನ್ನೇ ಬದಲಿಸಿದವರನ್ನು ನೋಡಿದ್ದೇನೆ, ಹೊಸ ಪಂಪ್ ಕೂತ ಮೇಲೂ ನೇಗಿಲು ಅದೇ ರೀತಿ ಇಳಿಯುತ್ತಿತ್ತು. ಈ ಪರೀಕ್ಷೆಯಲ್ಲಿ ಎತ್ತಿದ ಉಪಕರಣದ ಕೆಳಗೆ ಯಾರೂ ಇರಕೂಡದು. ಒತ್ತಡದ ಪೈಪಿನ ಸೋರಿಕೆಯನ್ನು ಬೆರಳಿಟ್ಟು ಹುಡುಕಲೂ ಕೂಡದು, ಆ ಸಣ್ಣ ಧಾರೆ ಚರ್ಮ ತೂರಿ ಒಳಹೋಗುತ್ತದೆ.

ಇಳಿಸಿದ ಎಣ್ಣೆಯನ್ನು ಎಸೆಯುವ ಮುನ್ನ ಅದರಲ್ಲಿ ಅಯಸ್ಕಾಂತ ಆಡಿಸಿ ನೋಡುತ್ತೇನೆ. ಬೂದುಬಣ್ಣದ ನುಣ್ಣನೆ ಪೇಸ್ಟ್ ಅಂಟಿದರೆ ವಯಸ್ಸಿನ ಸವೆತ, ಹೆದರಬೇಕಿಲ್ಲ. ಉಗುರಿಗೆ ಸಿಗುವ ಚೂರುಗಳಿದ್ದರೆ ಗೇರು ಅಥವಾ ಬೇರಿಂಗು ಒಡೆಯುತ್ತಿದೆ, ಗಾಡಿ ಅಲ್ಲಿಗೇ ನಿಲ್ಲಬೇಕು. ಹಳದಿ ಮಿಂಚು ಅಯಸ್ಕಾಂತಕ್ಕೆ ಅಂಟದು, ಅದನ್ನು ಬಿಸಿಲಿಗೆ ಹಿಡಿದು ನೋಡಬೇಕು. ಅದು ಬುಷ್, ವಾಷರುಗಳ ಕಂಚು. ಕ್ಲಚ್ ಹೌಸಿಂಗಿನ ಅಡಿಯಲ್ಲಿ ಸ್ಪ್ಲಿಟ್ ಪಿನ್ ತೂಗುವ ಒಂದು ತೂತಿದೆ, ಅಲ್ಲಿ ಹನಿಯುವ ಎಣ್ಣೆಯನ್ನೂ ಬೆರಳಿಗೆ ಹಚ್ಚಿ ನೋಡಿ. ಕಪ್ಪಗಿದ್ದರೆ ಎಂಜಿನ್ ಕಡೆಯ ಸೀಲು, ಹೊಂಬಣ್ಣವಾದರೆ ಗೇರ್ ಬಾಕ್ಸಿನದು. ಆ ಪಿನ್ ಇರುವುದು ತೂತು ಕಟ್ಟದಿರಲೆಂದು, ಅದನ್ನು ಕಿತ್ತು ಮುಚ್ಚಬಾರದು.

ಕೊನೆಯದಾಗಿ ಎಣ್ಣೆಯ ಆಯ್ಕೆ. ಸೋರುವ ಲಿಫ್ಟಿಗೆ ಮಂದವಾದ ಗೇರ್ ಆಯಿಲ್ ಸುರಿದು ಮಾರಾಟದ ದಿನ ಚೆನ್ನಾಗಿ ಎತ್ತಿಸಿ ತೋರಿಸುವವರಿದ್ದಾರೆ. ಇದು ಮೋಸ, ಕೊಂಡವನು ಮೊದಲ ಚಳಿಗಾಲದಲ್ಲೇ ಅನುಭವಿಸುತ್ತಾನೆ. ಜಿಎಲ್-5 ದರ್ಜೆಯ ಗೇರ್ ಆಯಿಲ್‌ನಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು, ಅದು ಕಂಚಿನ ಭಾಗಗಳನ್ನು ತಿನ್ನಬಲ್ಲದು. ಗೇರಿಗೂ ಹೈಡ್ರಾಲಿಕ್ಕಿಗೂ ಒಟ್ಟಿಗೆ ಆಗುವಂತೆ ಮಾಡಿದ ಯುಟಿಟಿಒ ಎಣ್ಣೆ ಸಿಗುತ್ತದೆ. ನಿಮ್ಮ ಗಾಡಿಯ ಪುಸ್ತಕ ಹೇಳಿದ ದರ್ಜೆಯನ್ನೇ ಕೇಳಿ ಕೊಳ್ಳಿ, ಅಂಗಡಿಯವರು ಕೊಟ್ಟದ್ದನ್ನಲ್ಲ.

ನಾಲೆಗೆ ನೀರು ಬಿಡುವ ಮುಂಚೆ ಗೇರ್ ಲಿವರಿನ ಬೂಟು, ಬ್ರೀದರ್, ಆಕ್ಸಲ್ ಸೀಲುಗಳನ್ನು ಒಮ್ಮೆ ಪರೀಕ್ಷಿಸಿ. ಕೆಸರು ಕೆಲಸ ಮುಗಿದ ವಾರದಲ್ಲೇ ಒಂದು ಬಾಟಲಿ ಎಣ್ಣೆ ಹಿಡಿದು ಬೆಳಕಿನಲ್ಲಿ ನೋಡಿ. ಹಳೆಯ ಎಣ್ಣೆಯನ್ನು ಕಾಲುವೆಗೆ ಚೆಲ್ಲದೆ ಡಬ್ಬಿಯಲ್ಲಿ ಕೂಡಿಟ್ಟು ಅದನ್ನು ಕೊಳ್ಳುವ ಪರವಾನಗಿ ಇರುವವರಿಗೇ ಕೊಡಿ.