ಮರಳಿ ಬಂದ ಕಥೆಯನ್ನು ತಿದ್ದುವುದು ಹೇಗೆ?

ಸಮಸ್ಯೆ: ಬೈಂದೂರಿನ ಓದುಗರೊಬ್ಬರ ಕಥೆಗಳು ಪತ್ರಿಕೆಗಳಿಂದ ಮರಳಿ ಬರುತ್ತಿವೆ. ತಿದ್ದಿ ಬರೆಯಲು ಅವರಿಗೆ ಬೇಸರ; ಸಂಭಾಷಣೆಗೆ ಕುಂದಾಪುರದ ಕಡೆಯ ಆಡುಮಾತಾದ ಕುಂದಗನ್ನಡ ಸಲ್ಲುವುದೇ ಎಂಬ ಅನುಮಾನವೂ ಇದೆ.

ಉತ್ತರ: ತಾವು ಹೊಸ ಕಥೆಗೆ ಕೈಹಾಕುವ ಮೊದಲು, ಮರಳಿ ಬಂದವುಗಳಲ್ಲಿ ಒಂದನ್ನು ಎರಡು ವಾರ ಬದಿಗಿರಿಸಿ, ಅನಂತರ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದಲ್ಲೆಲ್ಲ ಗುರುತು ಹಾಕಿರಿ. ಪರಿಷ್ಕರಣೆಯೆಂದರೆ ಕಾಗುಣಿತ ಸರಿಪಡಿಸುವುದಲ್ಲ, ಘಟನೆಗಳ ಕ್ರಮವನ್ನೂ ನಿರೂಪಕರ ದೃಷ್ಟಿಕೋನವನ್ನೂ ಮರುಪರಿಶೀಲಿಸಿ ಅನಗತ್ಯವಾದುದನ್ನು ತೆಗೆಯುವುದು. ಮೊದಲ ಪುಟವನ್ನೇ ಬಿಟ್ಟು ಓದಿದರೆ ಕಥೆಗೆ ನಷ್ಟವಿದೆಯೇ ಎಂದು ನೋಡಿರಿ (ಬಹುಮಟ್ಟಿಗೆ ಇರುವುದಿಲ್ಲ).

ಕುಂದಗನ್ನಡಕ್ಕೆ ಅಂಜಬೇಕಾಗಿಲ್ಲ. 1945ರಲ್ಲಿ ಕುಂದಾಪುರದಲ್ಲಿ ಜನಿಸಿ, 'ಕ್ರೌಂಚ ಪಕ್ಷಿಗಳು' ಸಂಕಲನಕ್ಕೆ 2009ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವೈದೇಹಿಯವರು ಆ ಮಾತನ್ನು ಕಥೆಗಳಲ್ಲಿ ಸಮರ್ಥವಾಗಿ ದುಡಿಸಿಕೊಂಡಿದ್ದಾರೆ; ಅವರ ಕಥೆಯೊಂದರಲ್ಲಿ ನಿರೂಪಣೆ, ಅಂದರೆ ಕಥೆ ಹೇಳುವ ದನಿ, ಪಾತ್ರಗಳ ಮಾತಿನಿಂದ ಎಲ್ಲಿ ಬೇರಾಗುತ್ತದೆ, ಎಲ್ಲಿ ಬೆರೆಯುತ್ತದೆ ಎಂಬುದನ್ನು ಪೆನ್ಸಿಲ್ ಹಿಡಿದು ಗುರುತಿಸಿರಿ. ಬಳಿಕ ತಮ್ಮ ಕಥೆಯನ್ನು ಊರಿನ ಹಿರಿಯರೊಬ್ಬರಿಗೂ ಬಯಲುಸೀಮೆಯವರೊಬ್ಬರಿಗೂ ಓದಿ ಹೇಳಿ, ಮೊದಲಿನವರಿಗೆ ಕೃತಕವೆನಿಸಿದ ಮಾತನ್ನೂ ಎರಡನೆಯವರಿಗೆ ಸಂದರ್ಭದಿಂದಲೂ ತಿಳಿಯದ ಮಾತನ್ನೂ ಬದಲಿಸಿರಿ.

ಸಂಕಲನಕ್ಕೆ ಸಾಲುವಷ್ಟು ಕಥೆಗಳಾದಾಗ ವೃತ್ತಿಪರ ಸಂಪಾದಕರನ್ನು ಕಾಣಿರಿ. ಪ್ರಕಾಶಕರು ಹಣವನ್ನೋ ಪೂರ್ಣ ಹಕ್ಕುಸ್ವಾಮ್ಯವನ್ನೋ ಕೇಳಿದರೆ, ಸಹಿ ಹಾಕುವ ಮೊದಲು ಕರಾರುಪತ್ರವನ್ನು ವಕೀಲರಿಗೆ ತೋರಿಸಿರಿ.