ಕಿರುಮಿದುಳಿನ ಹೊರಮೈ ರಚನೆ ಮತ್ತು ರೋಗಲಕ್ಷಣ: ಪರಿಭಾಷೆ ಹಾಗೂ ಆಡುನುಡಿಯ ಹಿನ್ನೆಲೆಯಲ್ಲಿ

ಕನ್ನಡದ ವೈದ್ಯ ಬರವಣಿಗೆಗೆ ದೀರ್ಘ ಪರಂಪರೆಯಿದೆ. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇದಕ್ಕೆ ನಿದರ್ಶನಗಳು. ಆದರೆ ಆಧುನಿಕ ಅಂಗರಚನಾಶಾಸ್ತ್ರದ ಪರಿಭಾಷೆಗೂ ರೋಗಿಯ ಆಡುನುಡಿಗೂ ನಡುವೆ ಅಂತರವೊಂದು ಉಳಿದುಕೊಂಡಿದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರದ ಕನ್ನಡವನ್ನು ಗಮನದಲ್ಲಿರಿಸಿಕೊಂಡು ಕಿರುಮಿದುಳಿನ ಸಂದರ್ಭದಲ್ಲಿ ಈ ಅಂತರವನ್ನು ಪರಿಶೀಲಿಸಬಹುದಾಗಿದೆ.

ಅನುಮಸ್ತಿಷ್ಕವೆಂದೂ ಕರೆಯಲಾಗುವ ಕಿರುಮಿದುಳು ತಲೆಬುರುಡೆಯ ಹಿಂಭಾಗದ ತಗ್ಗಿನಲ್ಲಿ, ಮಿದುಳುಕಾಂಡದ ಬೆನ್ನಿಗೆ ಇರುತ್ತದೆ. ಮಿದುಳಿನ ತೂಕದಲ್ಲಿ ಇದರ ಪಾಲು ಸುಮಾರು ಹತ್ತನೆಯ ಒಂದು ಭಾಗ ಮಾತ್ರ. ಆದರೆ ಮಿದುಳಿನ ನರಕೋಶಗಳಲ್ಲಿ ಅರ್ಧಕ್ಕೂ ಹೆಚ್ಚು ಇಲ್ಲಿಯೇ ಇವೆ. ಶಹಾಬಾದಿನ ಕಲ್ಲುಗಣಿಯ ಗೋಡೆಯಲ್ಲಿ ಹಾಸುಗಲ್ಲಿನ ಪದರಗಳು ತೋರುವಂತೆ ಇದರ ಹೊರಮೈಯಲ್ಲಿ ತೆಳುವಾದ, ಸಮಾನಾಂತರವಾದ ಮಡಿಕೆಗಳು ಕಾಣುತ್ತವೆ. ನಡುವೆ ಹುಳುವಿನಾಕಾರದ ‘ವರ್ಮಿಸ್’, ಇಕ್ಕೆಲಗಳಲ್ಲಿ ಎರಡು ಅರ್ಧಗೋಳಗಳಿವೆ. ಪ್ರಧಾನ ಸೀಳು ಮುಂಹಾಲೆಯನ್ನು ಹಿಂಹಾಲೆಯಿಂದ ಬೇರ್ಪಡಿಸಿದರೆ, ಹಿಂಬದಿಯ ಪಾರ್ಶ್ವ ಸೀಳು ಫ್ಲಾಕ್ಯುಲಸ್ ಮತ್ತು ನಾಡ್ಯೂಲ್‌ಗಳಿಂದಾದ ಚಿಕ್ಕ ಹಾಲೆಯನ್ನು ಪ್ರತ್ಯೇಕಿಸುತ್ತದೆ.

ಈ ವಿಭಜನೆ ಕೇವಲ ವರ್ಣನಾತ್ಮಕವಲ್ಲ. ವರ್ಮಿಸ್‌ಗೆ ಹಾನಿಯಾದರೆ ಮುಂಡದ ಸ್ಥಿರತೆ ಮತ್ತು ನಡಿಗೆ ಕೆಡುತ್ತವೆ. ಅರ್ಧಗೋಳಕ್ಕೆ ಹಾನಿಯಾದರೆ ಅದೇ ಪಕ್ಕದ ಕೈಕಾಲುಗಳು ಗುರಿ ತಪ್ಪುತ್ತವೆ. ಚಿಕ್ಕ ಹಾಲೆಗೆ ಹಾನಿಯಾದರೆ ಸಮತೋಲ ಮತ್ತು ಕಣ್ಣಿನ ಚಲನೆ ಏರುಪೇರಾಗುತ್ತವೆ. ತಳಭಾಗದ ‘ಟಾನ್ಸಿಲ್’ಗಳು ತಲೆಬುರುಡೆಯ ಮಹಾರಂಧ್ರದ ಸಮೀಪದಲ್ಲಿರುವುದರಿಂದ, ಒತ್ತಡ ಹೆಚ್ಚಿದಾಗ ಕೆಳಕ್ಕೆ ಜಾರಿ ಉಸಿರಾಟದ ಕೇಂದ್ರವನ್ನು ಅದುಮುವ ಅಪಾಯವಿದೆ.

ಭಾಷೆಯ ಪ್ರಶ್ನೆ ಮಹತ್ವ ಪಡೆಯುವುದು ಇಲ್ಲಿಯೇ. ಈ ಭಾಗದ ರೋಗಿ ‘ಚಕ್ಕರ್ ಬರ್ಲಕತ್ತದ’ ಎಂದಾಗ ಕಣ್ಣು ಕತ್ತಲಿಡುವಿಕೆ, ಸುತ್ತಲಿನದು ತಿರುಗಿದಂತಾಗುವಿಕೆ, ಕಾಲು ನಿಲ್ಲದಿರುವಿಕೆ ಎಂಬ ಮೂರು ಅರ್ಥಗಳೂ ಸಾಧ್ಯ. ‘ಜೋಲಿ ಹೊಡಿಲಕತ್ತದ’ ಎಂಬುದು ಮೂರನೆಯದಕ್ಕೆ ಹೆಚ್ಚು ಸಮೀಪದ ಮಾತು. ಓಲಾಡುವ ನಡಿಗೆ, ತೊದಲು ನುಡಿ ಮದ್ಯಪಾನದಲ್ಲಿಯೂ ಕಾಣುತ್ತವೆ. ಏಕೆಂದರೆ ಮದ್ಯವು ಕಿರುಮಿದುಳಿನ ಮೇಲೆಯೇ ಪರಿಣಾಮ ಬೀರುತ್ತದೆ. ಆದ್ದರಿಂದ ಗಣಿಯಲ್ಲೋ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿಯುವವನು ಹಠಾತ್ತನೆ ಓಲಾಡಿದರೆ ‘ಕುಡಿದಾನ’ ಎಂಬ ತೀರ್ಮಾನ ಸುಲಭವಾಗಿ ಹುಟ್ಟುತ್ತದೆ. ಅದು ಕಿರುಮಿದುಳಿನ ಪಾರ್ಶ್ವವಾಯುವಾಗಿದ್ದರೆ, ಹೆಪ್ಪು ಕರಗಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ದೊರೆಯುವ ನಾಲ್ಕೂವರೆ ಗಂಟೆಗಳ ಅವಧಿ ಅಷ್ಟರಲ್ಲಿ ಕಳೆದುಹೋಗುತ್ತದೆ. ಚಿಂಚೋಳಿಯಂಥ ಗಡಿ ತಾಲ್ಲೂಕಿನಿಂದ ಕಲಬುರಗಿಯ ದೊಡ್ಡ ಆಸ್ಪತ್ರೆಗಳಿಗಿರುವ ದೂರವನ್ನು ನೆನೆದರೆ ಈ ನಷ್ಟದ ಗಾತ್ರ ತಿಳಿಯುತ್ತದೆ. ಆರಂಭದ ಸಿ.ಟಿ. ಚಿತ್ರದಲ್ಲಿ ಈ ಭಾಗದ ಪಾರ್ಶ್ವವಾಯು ಕಾಣದೆಯೂ ಹೋಗಬಹುದಾದ್ದರಿಂದ ರೋಗಿಯ ಮಾತು ಮತ್ತು ನಡಿಗೆಯ ಪರೀಕ್ಷೆ ಇನ್ನಷ್ಟು ಬೆಲೆಯುಳ್ಳವು.

ಒಟ್ಟಾರೆ ಹೇಳುವುದಾದರೆ, ಪರಿಭಾಷಾ ರಚನೆ ಪದಕೋಶಕ್ಕೆ ಸೀಮಿತವಾಗಬಾರದು. ‘ಚಕ್ಕರ್’ ಎಂದವನನ್ನು ‘ತಲಿ ತಿರಗ್ತದೊ, ಕಾಲು ನಿಲ್ಲಂಗಿಲ್ಲೊ?’ ಎಂದು ಕೇಳಬಲ್ಲ ವೈದ್ಯಕೀಯ ಕನ್ನಡವೇ ಜೀವ ಉಳಿಸುವ ಕನ್ನಡವಾಗುತ್ತದೆ.